ಫೋನಿಗೆ ಇಳಿಸಿಕೊಳ್ಳುವ ಮುನ್ನ: ಆಡಿ ನೋಡಿದ ಕೆಲವು ವಿಡಿಯೊ ಗೇಮ್‌ಗಳು

ಹೊಸ ಸಿನಿಮಾ ಬಂದರೆ ನಾವು ಕೇಳುವ ಮೊದಲ ಮಾತು ‘ಚೆನ್ನಾಗಿದೆಯಾ?’ ಎಂಬುದು. ವಿಡಿಯೊ ಗೇಮ್ ವಿಷಯದಲ್ಲಿ ಹಾಗೆ ಕೇಳುವವರು ಕಡಿಮೆ. ‘ಆಡಿದರೆ ಹುಡುಗರು ಕೆಡುತ್ತಾರಾ?’, ‘ದುಡ್ಡು ಹೋಗುತ್ತಾ?’ ಎಂಬ ಎರಡು ಪ್ರಶ್ನೆಗೇ ಮಾತು ನಿಂತುಬಿಡುತ್ತದೆ. ನಂಜನಗೂಡಿಗೂ ನರಸೀಪುರಕ್ಕೂ ನಡುವಿನ ನಮ್ಮ ಹದಿನಾರಿನಂಥ ಊರಿನಲ್ಲೂ ಈಗ ಒಂದಾದರೂ ಆಟವಿಲ್ಲದ ಫೋನು ಅಪರೂಪ. ಡೇರಿಗೆ ಹಾಲು ಹಾಕಲು ನಿಂತವರ ಕೈಯಲ್ಲಿ ಲೂಡೊ, ಬಸ್ಸಿಗೆ ಕಾಯುವ ಕಾಲೇಜು ಹುಡುಗರ ಕೈಯಲ್ಲಿ ಬಂದೂಕಿನ ಆಟ, ಇನ್ನೂ ಅಂಗನವಾಡಿಗೆ ಹೋಗುವ ಮಗುವಿನ ಕೈಯಲ್ಲಿ ಬಣ್ಣದ ಮಿಠಾಯಿ ಜೋಡಿಸುವ ಆಟ. ಇಷ್ಟು ಜನ ಇಷ್ಟು ಹೊತ್ತು ಆಡುತ್ತಿರುವಾಗ ಯಾವುದು ಒಳ್ಳೆಯ ಆಟ, ಯಾವುದು ಕಳಪೆ ಎಂದು ಕೂತು ಮಾತಾಡುವ ರೂಢಿಯೂ ಬೆಳೆಯಬೇಕು. ಕಳೆದ ಕೆಲವು ತಿಂಗಳಲ್ಲಿ ನಾನು ಆಡಿದ ಆಟಗಳ ಅನುಭವವನ್ನು ಆ ಕಾರಣಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಇಳಿಸಿಕೊಳ್ಳುವವರಿಗೂ ಮಕ್ಕಳ ಕೈಗೆ ಫೋನು ಕೊಡುವವರಿಗೂ ಉಪಯೋಗಕ್ಕೆ ಬರಲಿ ಎಂಬುದು ಆಸೆ.

ನಾನು ಇಟ್ಟುಕೊಂಡಿರುವ ಅಳತೆ ಒಂದೇ. ಆಟಕ್ಕೆ ಮುಗಿಯುವ ಜಾಗ ಇದೆಯೇ? ಚೌಕಾಬಾರದಲ್ಲಿ ನಾಲ್ಕೂ ಕಾಯಿ ಹಣ್ಣಾದರೆ ಗೆದ್ದವರು ಗೆದ್ದರು, ಸೋತವರು ಸೋತರು, ಎಲ್ಲರೂ ಎದ್ದು ಕೆಲಸ ನೋಡಿಕೊಳ್ಳಬಹುದು. ಪುಕ್ಕಟೆ ಸಿಗುವ ಬಹಳಷ್ಟು ಮೊಬೈಲ್ ಆಟಗಳಲ್ಲಿ ಅಂಥ ಜಾಗವನ್ನು ಬೇಕೆಂದೇ ಇಟ್ಟಿರುವುದಿಲ್ಲ. ಅವುಗಳ ಸಂಪಾದನೆ ಬರುವುದು ನಡುವೆ ತೋರಿಸುವ ಜಾಹೀರಾತಿನಿಂದ ಮತ್ತು ಆಟದೊಳಗೇ ಮಾರುವ ಸಾಮಾನಿನಿಂದ. ನೀವು ಎಷ್ಟು ಹೊತ್ತು ಇದ್ದರೆ ಅವರಿಗೆ ಅಷ್ಟು ಲಾಭ. ದಿನಾ ಬಂದರೆ ಬಹುಮಾನ, ಒಂದು ದಿನ ತಪ್ಪಿದರೆ ಲೆಕ್ಕ ಮೊದಲಿನಿಂದ, ಐದು ಸಲ ಸೋತ ಮೇಲೆ ಅರ್ಧ ಗಂಟೆ ಕಾಯಬೇಕು ಇಲ್ಲವೇ ದುಡ್ಡು ಕಟ್ಟಬೇಕು ಎಂಬ ಏರ್ಪಾಡೆಲ್ಲ ಇದಕ್ಕಾಗಿಯೇ. ಒಮ್ಮೆ ದುಡ್ಡು ಕೊಟ್ಟು ಕೊಂಡ ಆಟಕ್ಕೆ ಈ ಹಂಗಿಲ್ಲ. ಹಾಗಾಗಿ ಪುಕ್ಕಟೆ ಆಟವೇ ಕೊನೆಗೆ ದುಬಾರಿಯಾಗುವುದು ಉಂಟು.

ಗದ್ದೆ ಬಯಲಿನಲ್ಲಿ ಕೂತು ಆಡಿದ ಬೇಸಾಯದ ಆಟ

ನನಗೆ ಬಹಳ ಹಿಡಿಸಿದ್ದು ಸ್ಟಾರ್‌ಡ್ಯೂ ವ್ಯಾಲಿ. ಅಮೆರಿಕದ ಎರಿಕ್ ಬರೋನ್ ಒಬ್ಬರೇ ನಾಲ್ಕು ವರ್ಷಕ್ಕೂ ಮೇಲ್ಪಟ್ಟು ಕೂತು ಚಿತ್ರ, ಸಂಗೀತ, ಕಥೆ, ಕೋಡು ಎಲ್ಲವನ್ನೂ ಮಾಡಿ 2016ರ ಫೆಬ್ರುವರಿಯಲ್ಲಿ ಬಿಡುಗಡೆ ಮಾಡಿದ ಆಟ ಇದು. 2019ರಲ್ಲಿ ಆಂಡ್ರಾಯ್ಡ್ ಫೋನಿಗೂ ಬಂತು. ಈವರೆಗೆ 4 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆ. ಪಟ್ಟಣದ ಕಚೇರಿ ಕೆಲಸದಲ್ಲಿ ಬೇಸತ್ತವರೊಬ್ಬರಿಗೆ ತಾತ ಬಿಟ್ಟುಹೋದ ಹೊಲ ಸಿಗುತ್ತದೆ. ಹೋಗಿ ನೋಡಿದರೆ ಕಲ್ಲು, ಮುಳ್ಳು, ಕಳೆ. ಕೈಯಲ್ಲಿ ಹಳೆಯ ಗುದ್ದಲಿ, ಕೊಡಲಿ, ಕುಡುಗೋಲು ಮತ್ತು ಪಾರ್ಸ್‌ನಿಪ್ ಎಂಬ ಬಿಳಿ ಗೆಡ್ಡೆಯ ಹದಿನೈದು ಬೀಜ. ಅಲ್ಲಿಂದ ಶುರು.

ಒಂದೊಂದು ಋತುವಿಗೆ 28 ದಿನ, ವರ್ಷಕ್ಕೆ ನಾಲ್ಕು ಋತು. ಋತು ಬದಲಾದ ದಿನ ಹಿಂದಿನ ಋತುವಿನ ಬೆಳೆ ಬಹುಮಟ್ಟಿಗೆ ಸತ್ತುಹೋಗುತ್ತದೆ. ಆದ್ದರಿಂದ ಯಾವ ಬೀಜಕ್ಕೆ ಎಷ್ಟು ದಿನ ಬೇಕು ಎಂದು ಲೆಕ್ಕ ಹಾಕಿಯೇ ಬಿತ್ತಬೇಕು. ಪಾರ್ಸ್‌ನಿಪ್ ನಾಲ್ಕು ದಿನಕ್ಕೆ ಬರುತ್ತದೆ, ಹೂಕೋಸಿಗೆ ಹನ್ನೆರಡು ದಿನ. ದಿನಾ ನೀರು ಹಾಕಬೇಕು. ಮಳೆ ಬಂದ ದಿನ ಬಿಡುವು. ಬೆದರುಬೊಂಬೆ ನಿಲ್ಲಿಸದಿದ್ದರೆ ಕಾಗೆ ತಿನ್ನುತ್ತದೆ. ಹಸುವಿನ ಮೈ ದಿನಾ ಸವರಿದರೆ ಹಾಲು ಚೆನ್ನಾಗಿ ಕೊಡುತ್ತದೆ. ಇದನ್ನೆಲ್ಲ ನಮ್ಮ ಕಡೆಯ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಭತ್ತದ ಪೈರನ್ನೂ ನೆಡಬಹುದು ಎಂದು ಗೊತ್ತಾದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಸಾಧಾರಣವಾಗಿ ಎಂಟು ದಿನ ತೆಗೆದುಕೊಳ್ಳುವ ಪೈರು ನೀರಿನಿಂದ ಮೂರು ಚೌಕದೊಳಗೆ ನೆಟ್ಟರೆ ಆರೇ ದಿನಕ್ಕೆ ಕುಯ್ಲಿಗೆ ಬರುತ್ತದೆ, ಕೈಯಿಂದ ನೀರು ಹಾಕುವ ಕೆಲಸವೂ ಇಲ್ಲ. ನಾಲೆ ಪಕ್ಕದ ಗದ್ದೆಯ ಬೆಲೆ ಅಮೆರಿಕದವರಿಗೂ ಗೊತ್ತಿದೆ.

ಆದರೂ ಈ ಬೇಸಾಯಕ್ಕೂ ನಮ್ಮದಕ್ಕೂ ಇರುವ ದೂರವನ್ನು ಹೇಳದೆ ಬಿಡಲಾರೆ. ಅಲ್ಲಿ ಬೆಳೆದ ಮಾಲಿನ ಧಾರಣೆ ಬೀಳುವುದಿಲ್ಲ. ಮನೆ ಮುಂದಿನ ಪೆಟ್ಟಿಗೆಗೆ ಹಾಕಿ ಮಲಗಿದರೆ ಬೆಳಿಗ್ಗೆ ದುಡ್ಡು ಬಂದಿರುತ್ತದೆ. ಕಬ್ಬು ಕಡಿಸಿ ಕಾರ್ಖಾನೆಯ ಹಣಕ್ಕೆ ಕಾಯುವ ತಿಂಗಳುಗಳಿಲ್ಲ, ಸೊಸೈಟಿ ಸಾಲವಿಲ್ಲ, ನಾಲೆಗೆ ನೀರು ಬಿಡುವ ದಿನಾಂಕದ ಚಿಂತೆಯಿಲ್ಲ, ಆಳು ಸಿಗದ ಸಂಕಟವಿಲ್ಲ. ಬೇಸಾಯದ ಸುಖವನ್ನಷ್ಟೇ ಆರಿಸಿಕೊಂಡು ಕಟ್ಟಿದ ಆಟ ಇದು. ಆ ಸುಖವೂ ಸುಳ್ಳಲ್ಲ, ಬೇಸಾಯ ಮಾಡಿದವರೆಲ್ಲ ಅದನ್ನು ಕಂಡವರೇ. ಊರಿನ ಸಣ್ಣ ಅಂಗಡಿಗೂ ಹೊರಗಿನಿಂದ ಬಂದ ದೊಡ್ಡ ಕಂಪನಿಯ ಮಳಿಗೆಗೂ ನಡೆಯುವ ಪೈಪೋಟಿ ಕಥೆಯೊಳಗಿದೆ. ಪಾಳುಬಿದ್ದ ಸಮುದಾಯ ಭವನವನ್ನು ಊರಿನವರಿಗಾಗಿ ರಿಪೇರಿ ಮಾಡಿಸುತ್ತೀರೋ ಕಂಪನಿಗೆ ಬಿಟ್ಟುಕೊಡುತ್ತೀರೋ ಎಂಬ ಆಯ್ಕೆ ಆಡುವವರದು. ನಾನು ಭವನದ ಕಡೆ ನಿಂತೆ.

ಉಪಯೋಗದ ಮಾತು: ಮೊಬೈಲಿನ ಸ್ಟಾರ್‌ಡ್ಯೂ ವ್ಯಾಲಿಯನ್ನು ಒಮ್ಮೆ ಕೊಂಡರೆ ಮತ್ತೆ ದುಡ್ಡು ಕೇಳುವುದಿಲ್ಲ. ಜಾಹೀರಾತಿಲ್ಲ, ಇಂಟರ್ನೆಟ್ ಬೇಕಿಲ್ಲ. ಆಟದ ಒಂದು ಇಡೀ ದಿನ ಎಂದರೆ ನಮ್ಮ ಗಡಿಯಾರದಲ್ಲಿ ಸುಮಾರು 14 ನಿಮಿಷ. ಮಲಗಿದರೆ ದಿನ ಮುಗಿಯಿತು, ಆಟ ಅಲ್ಲಿಯವರೆಗೆ ಉಳಿದುಕೊಂಡಿರುತ್ತದೆ. ಎದ್ದು ಹೋಗಲು ಅದೇ ಸರಿಯಾದ ಜಾಗ. ‘ಇನ್ನೊಂದು ದಿನ ಆಡಿ ಏಳೋಣ’ ಎಂಬ ಸೆಳೆತ ಇದ್ದೇ ಇರುತ್ತದೆ. ಮಕ್ಕಳಿಗೆ ಕೊಡುವಾಗ ನಿಮಿಷದ ಲೆಕ್ಕಕ್ಕಿಂತ ‘ಆಟದ ಮೂರು ದಿನ’ ಎಂದು ಹೇಳಿ ಕೊಡುವುದು ಮೇಲು. ನಡುವೆ ಕಿತ್ತುಕೊಂಡರೆ ಬರುವ ಜಗಳ ಇದರಲ್ಲಿ ಬರುವುದಿಲ್ಲ. ಮಾತೆಲ್ಲ ಇಂಗ್ಲಿಷಿನಲ್ಲಿದೆ, ಸರಳ ಇಂಗ್ಲಿಷು. ಹೈಸ್ಕೂಲು ಮಕ್ಕಳು ಸುಲಭವಾಗಿ ಓದಿಕೊಳ್ಳುತ್ತಾರೆ. ಬೆಲೆ ಆಗಾಗ ಇಳಿಯುತ್ತದೆ, ಕಾದು ಕೊಳ್ಳಿ.

ಇಡ್ಲಿ ಬೇಯಿಸುವ ಆಟ

ಮೈಸೂರಿನಲ್ಲಿರುವ ಅಕ್ಕನ ಮಗಳು ಹಬ್ಬಕ್ಕೆ ಬಂದಾಗ ಲ್ಯಾಪ್‌ಟಾಪ್ ತೆಗೆದು ‘ಚಿಕ್ಕಮ್ಮ, ಇದು ನಿಮಗೇ ಅಂತ ಮಾಡಿರೋ ಗೇಮು’ ಎಂದು ಕೊಟ್ಟದ್ದು ವೆಣ್ಬಾ. 2023ರಲ್ಲಿ ಕೆನಡಾದ ಟೊರಾಂಟೊದ ವಿಸೈ ಗೇಮ್ಸ್ ಎಂಬ ಸಣ್ಣ ತಂಡ ಹೊರತಂದದ್ದು. 1980ರ ದಶಕದ ಕೊನೆಯಲ್ಲಿ ಕೆನಡಾಕ್ಕೆ ಹೋಗಿ ನೆಲೆಸಿದ ತಮಿಳು ದಂಪತಿಯ ಕಥೆ. ತಾಯಿಯಿಂದ ಬಂದ ಅಡುಗೆ ಪುಸ್ತಕ ಹರಿದು, ಕಲೆಯಾಗಿ ಅರ್ಧಂಬರ್ಧ ಉಳಿದಿದೆ. ಅಳಿಸಿಹೋದ ಹಂತಗಳನ್ನು ಊಹಿಸಿ ಅಡುಗೆ ಮುಗಿಸುವುದೇ ಆಟ.

ಮೊದಲ ಅಡುಗೆ ಇಡ್ಲಿ. ತಟ್ಟೆಗೆ ಎಣ್ಣೆ ಸವರುವುದು, ಹಿಟ್ಟು ಹೊಯ್ಯುವುದು, ತಳಕ್ಕೆ ನೀರು ಇವೆಲ್ಲ ಸುಲಭ. ಒಂದರ ಮೇಲೊಂದು ತಟ್ಟೆ ಜೋಡಿಸುವಾಗ ಗುಳಿಯ ಮೇಲೆ ಗುಳಿ ಬಾರದಂತೆ, ಮೇಲಿನ ತಟ್ಟೆಯ ತೂತು ಕೆಳಗಿನ ಇಡ್ಲಿಯ ಮೇಲೆ ಬರುವಂತೆ ತಿರುಗಿಸಿಡಬೇಕು. ಇದನ್ನು ಕಂಡುಹಿಡಿಯುವುದೇ ಒಗಟು. ಅಕ್ಕನ ಮಗಳಿಗೆ ಇದು ಬಹಳ ಹೊತ್ತು ಹೊಳೆಯಲಿಲ್ಲವಂತೆ. ಇಡ್ಲಿ ಪಾತ್ರೆ ಮುಟ್ಟಿದ ಯಾರಿಗಾದರೂ ಒಂದೇ ನೋಟಕ್ಕೆ ಹೊಳೆಯುತ್ತದೆ. ನಮ್ಮ ಅಡುಗೆಮನೆಯ ತಿಳಿವಳಿಕೆಯೇ ಒಂದು ವಿಡಿಯೊ ಗೇಮನ್ನು ಗೆಲ್ಲುವ ಜಾಣತನವಾದದ್ದನ್ನು ನಾನು ನೋಡಿದ್ದು ಇದೇ ಮೊದಲು, ಅದರ ಹೆಮ್ಮೆ ಇನ್ನೂ ಇಳಿದಿಲ್ಲ. ಬೆಳೆಯುತ್ತ ಬೆಳೆಯುತ್ತ ಮಗ ಕವಿನ್‌ಗೆ ಅಮ್ಮನ ಭಾಷೆ ಜಾರಿಹೋಗುತ್ತದೆ. ಆಟ ಅದನ್ನು ಭಾಷಣ ಮಾಡಿ ಹೇಳುವುದಿಲ್ಲ, ಪರದೆಯ ಮೇಲಿನ ಅಕ್ಷರಗಳಲ್ಲೇ ಕಾಣಿಸುತ್ತದೆ. ಮಕ್ಕಳನ್ನು ಹೊರದೇಶಕ್ಕೆ ಕಳಿಸಿದ ಮನೆಗಳು ನಮ್ಮ ಸುತ್ತಲಿನ ಊರುಗಳಲ್ಲೂ ಇವೆ. ಅವರೆಲ್ಲ ಒಮ್ಮೆ ಮಕ್ಕಳ ಜೊತೆ ಕೂತು ಇದನ್ನು ಆಡಬೇಕು. ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ. 2024ರಲ್ಲಿ ಬ್ರಿಟನ್ನಿನ ಬಾಫ್ಟಾ ಸಂಸ್ಥೆ ಇದಕ್ಕೆ ಚೊಚ್ಚಲ ಆಟದ ಪ್ರಶಸ್ತಿ ಕೊಟ್ಟಿತು. ಕಂಪ್ಯೂಟರ್ ಅಥವಾ ಗೇಮ್ ಕನ್ಸೋಲ್ ಇದ್ದರೆ ಆಡಬಹುದು.

ಇದೇ ಸಾಲಿನ ಇನ್ನೊಂದು, ಪುಣೆಯ ನೋಡಿಂಗ್ ಹೆಡ್ಸ್ ತಂಡ 2020ರಲ್ಲಿ ತಂದ ರಾಜಿ. ತಮ್ಮನನ್ನು ಹೊತ್ತೊಯ್ದ ಅಸುರರ ಬೆನ್ನು ಹತ್ತುವ ಹುಡುಗಿಯ ಕಥೆ. ಕೋಟೆ, ಹವೇಲಿ, ಗೋಡೆಚಿತ್ರಗಳು ಕಣ್ಣಿಗೆ ಹಬ್ಬ. ಕಾದಾಟ ಮಾತ್ರ ಒಂದೇ ಬಗೆಯದಾಗಿ ನಡುವೆ ಬೇಸರ ತರಿಸಿತು. ದುರ್ಗೆ ಮತ್ತು ವಿಷ್ಣು ಮಾತಾಡಿಕೊಳ್ಳುತ್ತ ಕಥೆ ಹೇಳುವ ರೀತಿ ಹರಿಕಥೆ ಕೇಳಿ ಬೆಳೆದವರಿಗೆ ಒಗ್ಗುತ್ತದೆ.

ಅರಮನೆಯ ಆಟ, ಫೋನಿನ ಆಟ

ಚರಿತ್ರೆಯ ಪುಸ್ತಕಗಳಲ್ಲಿ ಹದಿನಾಡು ಎಂದು ಬರುವುದು ನಮ್ಮ ಹದಿನಾರೇ. 1399ರಲ್ಲಿ ಯದುರಾಯರು ಇಲ್ಲಿಂದ ಮೈಸೂರು ಅರಸು ಮನೆತನವನ್ನು ಆರಂಭಿಸಿದರು ಎಂಬುದು ಪರಂಪರೆಯಿಂದ ಬಂದ ಮಾತು. ಅದೇ ವಂಶದ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಆಟಗಳ ವಿಷಯದಲ್ಲಿ ದೊಡ್ಡ ವಿದ್ವಾಂಸರು. ಅವರ ಶ್ರೀತತ್ತ್ವನಿಧಿಯ ಕೊನೆಯ ಭಾಗ ಕೌತುಕನಿಧಿ ಇರುವುದೇ ಆಟಗಳ ಬಗ್ಗೆ. ಚದುರಂಗದ ಕುದುರೆಯನ್ನು 64 ಮನೆಗಳಲ್ಲೂ ಒಂದೊಂದು ಸಲ ಮಾತ್ರ ನಡೆಸಿ ಮುಗಿಸುವ ಒಗಟಿನಲ್ಲಿ ಅವರು ಕಟ್ಟಿದ ನಡೆಗಳನ್ನು ಚದುರಂಗದ ಗಣಿತ ಬಲ್ಲವರು ಇಂದಿಗೂ ಓದುತ್ತಾರೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಆ ಹಳೆಯ ಮಣೆ, ಹಾಸುಗಳನ್ನು ಹೊಸದಾಗಿ ಮಾಡಿಸಿ ಪ್ರದರ್ಶನಕ್ಕಿಡುತ್ತ ಬಂದಿದೆ. ಆಟವೆಂದರೆ ಕಾಲಹರಣ ಎಂದು ಮೂಗು ಮುರಿಯುವವರು ಒಮ್ಮೆ ಅಲ್ಲಿಗೆ ಹೋಗಿ ಬರಲಿ.

ಚದುರಂಗಕ್ಕೆ ನಾನು ಹೇಳುವ ಆ್ಯಪ್ ಲೀಚೆಸ್. ಫ್ರಾನ್ಸಿನ ತಿಬೊ ಡುಪ್ಲೆಸಿ 2010ರಲ್ಲಿ ಆರಂಭಿಸಿದರು. ಲಾಭಕ್ಕಾಗಿ ನಡೆಯದ ಸಂಸ್ಥೆ ಅದು, ಆಡುವವರ ದೇಣಿಗೆಯಲ್ಲಿ ನಿಂತಿದೆ. ಒಂದು ಜಾಹೀರಾತಿಲ್ಲ, ಒಂದು ಪೈಸೆ ಕೇಳುವುದಿಲ್ಲ, ಎಲ್ಲ ಪಾಠ, ಎಲ್ಲ ಒಗಟು ಎಲ್ಲರಿಗೂ ತೆರೆದಿದೆ. ಹಳೆಯ ಫೋನಿನಲ್ಲೂ ನಡೆಯುತ್ತದೆ, ನೆಟ್‌ವರ್ಕ್ ಸಿಗದ ಕಡೆ ಕಂಪ್ಯೂಟರನ್ನೇ ಎದುರಾಳಿ ಮಾಡಿಕೊಳ್ಳಬಹುದು. ಒಂದು ನಿಮಿಷ, ಮೂರು ನಿಮಿಷದ ಆಟಗಳಿಗೆ ಕಲಿಯುವವರು ಕೈಹಾಕಬೇಡಿ. ಅವು ಬೆರಳಿನ ಓಟವಾಗಿಬಿಡುತ್ತವೆ, ಸೋತ ಸಿಟ್ಟಿಗೆ ಮತ್ತೊಂದು, ಮತ್ತೊಂದು ಎಂದು ರಾತ್ರಿಯಾಗುತ್ತದೆ. ಹತ್ತು ಅಥವಾ ಹದಿನೈದು ನಿಮಿಷದ ಆಟ ಆರಿಸಿ, ಮುಗಿದ ಮೇಲೆ ಎಲ್ಲಿ ತಪ್ಪಿತು ಎಂದು ಆ್ಯಪ್ ತೋರಿಸುವ ವಿಶ್ಲೇಷಣೆ ನೋಡಿ, ಆಮೇಲೆ ಇನ್ನೊಂದು. 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದ ಎಂ. ಎಸ್. ತೇಜ್‌ಕುಮಾರ್ ಮೈಸೂರಿನವರು ಎಂಬುದನ್ನು ಮಕ್ಕಳಿಗೆ ಹೇಳಿ. ದೂರದ ಊರಿನವರ ಹೆಸರಿಗಿಂತ ಅದು ಹೆಚ್ಚು ಹುರುಪು ಕೊಡುತ್ತದೆ.

ಲೂಡೊ ವಿಷಯ ಬೇರೆ. ನಮ್ಮ ಪಗಡೆಯನ್ನು ಸರಳ ಮಾಡಿ ಇಂಗ್ಲೆಂಡಿನಲ್ಲಿ 1896ರಲ್ಲಿ ಪೇಟೆಂಟ್ ಪಡೆದ ಆಟ ಅದು. ನವಿ ಮುಂಬೈನ ಗೇಮೇಶನ್ ಕಂಪನಿ 2016ರಲ್ಲಿ ಲೂಡೊ ಕಿಂಗ್ ಆಗಿ ಫೋನಿಗೆ ತಂದಿತು, ಲಾಕ್‌ಡೌನ್ ಕಾಲದಲ್ಲಿ ಮನೆಮನೆಗೆ ಹೊಕ್ಕಿತು. ಒಂದೇ ಫೋನಿನ ಸುತ್ತ ನಾಲ್ಕು ಜನ ಕೂತು ಆಡುವ ಆಫ್‌ಲೈನ್ ಆಟ ಅದರಲ್ಲಿ ಒಳ್ಳೆಯ ಭಾಗ. ಡೇಟಾ ಆಫ್ ಮಾಡಿ ಆಡಿದರೆ ಜಾಹೀರಾತಿನ ಕಾಟವೂ ತಗ್ಗುತ್ತದೆ. ಗುರುತಿಲ್ಲದವರ ಜೊತೆ ಆನ್‌ಲೈನ್ ಆಡುವುದರಲ್ಲಿ ನನಗೆ ರುಚಿ ಕಾಣಲಿಲ್ಲ. ಕಾಯಿ ಹೊಡೆದಾಗ ಎದುರು ಕೂತವರ ಮುಖ ನೋಡುವುದೇ ತಾನೇ ಈ ಆಟದ ಸುಖ? ನಿಜ ಹೇಳಬೇಕೆಂದರೆ, ನಾಲ್ಕು ಜನ ಒಂದೆಡೆ ಇರುವಾಗ ಇದಕ್ಕೆ ಫೋನೇ ಬೇಡ. ಹುಣಸೆಬೀಜ ಒಡೆದು ಒಂದು ಬದಿ ತೇಯ್ದುಕೊಳ್ಳಿ, ಸೀಮೆಸುಣ್ಣದಲ್ಲಿ ಐದೈದು ಮನೆಯ ಚೌಕ ಬರೆಯಿರಿ, ಚೌಕಾಬಾರ ಶುರುವಾಯಿತು.

ಒಬ್ಬರೇ ಇರುವಾಗ, ಮನಸ್ಸಿಗೆ ಸ್ವಲ್ಪ ತಂಪು ಬೇಕೆನಿಸಿದಾಗ ಎರಡು ಆಟ ಹೇಳುತ್ತೇನೆ. ಮಾನ್ಯುಮೆಂಟ್ ವ್ಯಾಲಿ (2014) ಇಡಾ ಎಂಬ ಪುಟ್ಟ ರಾಜಕುಮಾರಿಯನ್ನು ಕಣ್ಣಿಗೆ ಮೋಸ ಮಾಡುವ ಗೋಪುರಗಳಲ್ಲಿ ನಡೆಸುವ ಒಗಟು. ಹತ್ತು ಅಧ್ಯಾಯ, ಆಮೇಲೆ ಮುಗಿಯಿತು. ಆಲ್ಟೋಸ್ ಅಡ್ವೆಂಚರ್ (2015) ಹಿಮದ ಇಳಿಜಾರಿನಲ್ಲಿ ಜಾರಿಕೊಂಡು ಹೋಗುವುದು. ಆಂಡ್ರಾಯ್ಡ್‌ನಲ್ಲಿ ಪುಕ್ಕಟೆ, ನಡುವೆ ಜಾಹೀರಾತು ಬರುತ್ತದೆ. ಅಂಕವಿಲ್ಲದ, ಸೋಲಿಲ್ಲದ ಜೆನ್ ಮೋಡ್ ಹಾಕಿಕೊಂಡು ಹೆಡ್‌ಫೋನ್‌ನಲ್ಲಿ ಕೇಳುತ್ತ ಆಡಿ.

ಹದಿನಾರು ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದು ಇಳಿಯುತ್ತವೆ, ಕ್ಯಾಮೆರಾ ಹಿಡಿದವರು ಮೈಸೂರಿನಿಂದಲೂ ಬೆಂಗಳೂರಿನಿಂದಲೂ ಬರುತ್ತಾರೆ. ಆ ಕೆರೆ ನೋಡಿ ಬೆಳೆದ ಮಕ್ಕಳಿಗೆ ವಿಂಗ್‌ಸ್ಪ್ಯಾನ್ ಎಂಬ ಕಾರ್ಡಿನ ಆಟ ಹಿಡಿಸುತ್ತದೆ. ಎಲಿಜಬೆತ್ ಹಾರ್‌ಗ್ರೇವ್ 2019ರಲ್ಲಿ ಮಣೆಯ ಆಟವಾಗಿ ಮಾಡಿದ್ದು, ಆಮೇಲೆ ಫೋನಿಗೂ ಬಂತು. ಮೂಲ ಕಟ್ಟಿನಲ್ಲಿ 170 ಹಕ್ಕಿಗಳು, ಉತ್ತರ ಅಮೆರಿಕದವು. ಕಾಡು, ಹುಲ್ಲುಗಾವಲು, ಜವುಗು ಎಂಬ ಮೂರು ನೆಲೆಗಳಲ್ಲಿ ಯಾವ ಹಕ್ಕಿ ಎಲ್ಲಿ ಕೂರುತ್ತದೆ, ಏನು ತಿನ್ನುತ್ತದೆ, ಗೂಡು ಯಾವ ಬಗೆ, ಮೊಟ್ಟೆ ಎಷ್ಟು, ರೆಕ್ಕೆ ಬಿಚ್ಚಿದರೆ ಎಷ್ಟು ಸೆಂಟಿಮೀಟರ್ ಎಂಬುದೆಲ್ಲ ಆಟದ ಲೆಕ್ಕಕ್ಕೆ ಬರುತ್ತದೆ. ಕಾರ್ಡು ಇಳಿಸಿದರೆ ಆ ಹಕ್ಕಿಯ ಕೂಗೇ ಕೇಳಿಸುತ್ತದೆ. ನಿಯಮ ಕಲಿಯಲು ಒಂದು ಸಂಜೆ ಬೇಕು. ನಾಲ್ಕು ಸುತ್ತಿಗೆ ಆಟ ಮುಗಿಯುತ್ತದೆ.

ಬಂದೂಕಿನ ಆಟದ ಬಗ್ಗೆ

ಮನೆಯವರಿಗೆ ಹೆದರಿಕೆ ಇರುವುದು ಬಿಜಿಎಂಐ ಬಗ್ಗೆ. ಪಬ್‌ಜಿ ಮೊಬೈಲನ್ನು ಸರ್ಕಾರ 2020ರ ಸೆಪ್ಟೆಂಬರಿನಲ್ಲಿ ತಡೆದ ಮೇಲೆ ಕೊರಿಯಾದ ಕ್ರಾಫ್ಟನ್ ಕಂಪನಿ ಭಾರತಕ್ಕೆಂದೇ 2021ರ ಜುಲೈನಲ್ಲಿ ತಂದ ಆಟ. 2022ರ ಜುಲೈನಲ್ಲಿ ಅದೂ ಪ್ಲೇ ಸ್ಟೋರ್‌ನಿಂದ ಹೋಯಿತು, 2023ರ ಮೇನಲ್ಲಿ ಮರಳಿತು. ಆಡದೆ ಬೈಯುವುದು ನ್ಯಾಯವಲ್ಲ ಎಂದು ಪಕ್ಕದ ಮನೆಯ ಹುಡುಗರ ತಂಡಕ್ಕೆ ಸೇರಿಕೊಂಡು ಆಡಿದೆ. ನೂರು ಜನ ಒಂದು ದ್ವೀಪಕ್ಕೆ ಇಳಿಯುತ್ತಾರೆ, ಆಡುವ ವರ್ತುಲ ಕಿರಿದಾಗುತ್ತ ಬರುತ್ತದೆ, ಕೊನೆಗೆ ಉಳಿದ ತಂಡ ಗೆದ್ದಂತೆ. ‘ಅಕ್ಕ, ಎಡಗಡೆ ಮನೇಲಿ ಅವ್ನೆ, ಕುತ್ಕಳಿ ಕುತ್ಕಳಿ!’ ಎಂದು ಅವರು ಕೂಗುವ ಹೊತ್ತಿಗೆ ನನ್ನ ಕಥೆ ಮುಗಿದಿರುತ್ತಿತ್ತು. ಆದರೂ ಒಂದು ಮಾತು ಒಪ್ಪಬೇಕು. ಹೆಜ್ಜೆ ಸದ್ದು ಯಾವ ದಿಕ್ಕಿನಿಂದ ಬಂತು ಎಂದು ಕಿವಿಯಲ್ಲೇ ಅಳೆಯುವುದು, ಯಾರು ಮುಂದೆ ಯಾರು ಹಿಂದೆ ಎಂದು ಕ್ಷಣದಲ್ಲಿ ಹಂಚಿಕೊಳ್ಳುವುದು, ಬಿದ್ದ ಗೆಳೆಯನನ್ನು ಎತ್ತಲು ತನ್ನ ಪ್ರಾಣ ಒಡ್ಡುವುದು, ಇವೆಲ್ಲ ನಿಜವಾದ ಕೌಶಲಗಳೇ. ಒಂದು ಪಂದ್ಯ ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಅಂದರೆ ಏಳಲು ಜಾಗವೂ ಇದೆ.

ತೊಂದರೆ ಪಂದ್ಯದ ಹೊರಗಿದೆ. ಬಟ್ಟೆ, ಬಂದೂಕಿನ ಬಣ್ಣ, ಪೆಟ್ಟಿಗೆ ಎಂದು ಮಾರುವ ಅಂಗಡಿ ಅಲ್ಲಿ ತೆರೆದೇ ಇರುತ್ತದೆ. ಯುಸಿ ಎಂಬ ಆಟದ ನಾಣ್ಯವನ್ನು ನಿಜವಾದ ದುಡ್ಡಿಗೆ ಕೊಳ್ಳಬೇಕು, ಅದರಿಂದ ಪೆಟ್ಟಿಗೆ ತೆರೆಯಬೇಕು, ಒಳಗೇನಿದೆ ಎಂಬುದು ತೆರೆದ ಮೇಲೆಯೇ ಗೊತ್ತಾಗುವುದು. ಇದು ಅದೃಷ್ಟಕ್ಕೆ ದುಡ್ಡು ಕಟ್ಟುವ ಅಭ್ಯಾಸ, ಮಕ್ಕಳಿಗೆ ಕಲಿಸಬಾರದ ಅಭ್ಯಾಸ. ಕೊಂಡ ಬಟ್ಟೆಯಿಂದ ಗುರಿ ಹೆಚ್ಚು ನೇರವಾಗುವುದಿಲ್ಲ ಎಂದು ಹುಡುಗರಿಗೆ ಬಿಡಿಸಿ ಹೇಳಿ. ಹದಿನೆಂಟರೊಳಗಿನವರಿಗೆ ಪೋಷಕರ ಒಪ್ಪಿಗೆ ಮತ್ತು ದಿನಕ್ಕೆ 3 ಗಂಟೆಯ ಮಿತಿಯನ್ನು ಕಂಪನಿಯೇ ಇಟ್ಟಿದೆ. ಅಪ್ಪನ ವಯಸ್ಸು ಕೊಟ್ಟು ಖಾತೆ ತೆರೆದರೆ ಆ ಮಿತಿಗೆ ಅರ್ಥವಿಲ್ಲ, ಆದ್ದರಿಂದ ಖಾತೆ ತೆರೆಯುವಾಗ ಪಕ್ಕದಲ್ಲಿರಿ. ನನ್ನ ಕೇಳಿದರೆ 3 ಗಂಟೆ ಬಹಳವಾಯಿತು. ಓದುವ ಮಕ್ಕಳಿಗೆ ಎರಡು ಪಂದ್ಯ ಸಾಕು.

ದುಡ್ಡಿನ ಆಟ ಮುಟ್ಟಬೇಡಿ

ದುಡ್ಡು ಕಟ್ಟಿ ದುಡ್ಡು ಗೆಲ್ಲುವ ರಮ್ಮಿ, ಫ್ಯಾಂಟಸಿ ಕ್ರಿಕೆಟ್ ಮೊದಲಾದವನ್ನು ನಾನು ಆಟ ಎಂದು ಎಣಿಸುವುದಿಲ್ಲ. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಅವನ್ನು ತಡೆಯಲು ಹೋಯಿತು, 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ತಂದಿತು, 22ರಂದು ರಾಷ್ಟ್ರಪತಿಯವರ ಅಂಕಿತ ಬಿತ್ತು. ಜಾಣತನದ ಆಟವಾಗಲಿ ಅದೃಷ್ಟದ ಆಟವಾಗಲಿ, ದುಡ್ಡು ಕಟ್ಟಿಸಿಕೊಂಡು ಆಡಿಸಿದರೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿಯವರೆಗೆ ದಂಡ ಎನ್ನುತ್ತದೆ ಅದು. ಜಾಹೀರಾತು ಕೊಟ್ಟವರಿಗೂ ಶಿಕ್ಷೆ ಇದೆ. ದೊಡ್ಡ ಕಂಪನಿಗಳು ಕೂಡಲೇ ದುಡ್ಡಿನ ಆಟ ನಿಲ್ಲಿಸಿದವು. ಈಗ ವಾಟ್ಸ್‌ಆ್ಯಪ್, ಟೆಲಿಗ್ರಾಮ್‌ಗಳಲ್ಲಿ ಬರುವ ಲಿಂಕುಗಳದೇ ಅಪಾಯ. ಪ್ಲೇ ಸ್ಟೋರ್‌ನಲ್ಲಿ ಇಲ್ಲದ, ‘ಈ ಫೈಲು ಇಳಿಸಿಕೊಳ್ಳಿ, ನೂರು ಕಟ್ಟಿದರೆ ಸಾವಿರ’ ಎನ್ನುವ ಯಾವುದನ್ನೂ ಇಳಿಸಿಕೊಳ್ಳಬೇಡಿ. ಅಂಥ ಫೈಲು ನಿಮ್ಮ ಫೋನಿಗೆ ಬರುವ ಒಟಿಪಿ ಓದಬಲ್ಲದು. ಹಣ ಹೋಗಿದ್ದರೆ ನಾಚಿಕೆಪಟ್ಟುಕೊಂಡು ಕೂರದೆ ಕೂಡಲೇ 1930ಕ್ಕೆ ಕರೆ ಮಾಡಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಫೋನಿನಲ್ಲಿ ಮೊದಲು ಮಾಡಿಕೊಳ್ಳಬೇಕಾದ್ದು

ಆಟದ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ‘ಕಂಟೇನ್ಸ್ ಆ್ಯಡ್ಸ್’, ‘ಇನ್-ಆ್ಯಪ್ ಪರ್ಚೇಸಸ್’ ಎಂದಿದ್ದರೆ ಮೊದಲನೆಯದು ಜಾಹೀರಾತು, ಎರಡನೆಯದು ಒಳಗೆ ಅಂಗಡಿ ಇದೆ ಎಂಬ ಸೂಚನೆ. ಎರಡೂ ಇಲ್ಲದ ಆಟ ಸಿಕ್ಕರೆ ಅದನ್ನೇ ಆರಿಸಿ. ಪಕ್ಕದಲ್ಲಿ 3+, 7+, 12+, 16+, 18+ ಎಂಬ ವಯಸ್ಸಿನ ಗುರುತೂ ಇರುತ್ತದೆ. ಅದು ಹಿಂಸೆ, ಭಯ, ಮಾತಿನ ಮಟ್ಟಕ್ಕೆ ಸಂಬಂಧಿಸಿದ್ದೇ ಹೊರತು ಆಟ ಕಷ್ಟವೋ ಸುಲಭವೋ ಎಂಬುದಕ್ಕಲ್ಲ.

ಪ್ಲೇ ಸ್ಟೋರ್‌ನಲ್ಲಿ ಮೇಲ್ಮೂಲೆಯ ನಿಮ್ಮ ಚಿತ್ರ ಒತ್ತಿ, ಸೆಟ್ಟಿಂಗ್ಸ್‌ಗೆ ಹೋಗಿ, ಪ್ರತಿ ಖರೀದಿಗೂ ಪಾಸ್‌ವರ್ಡ್ ಅಥವಾ ಬೆರಳಚ್ಚು ಕೇಳುವಂತೆ ಮಾಡಿ. ಮಕ್ಕಳು ಆಡುವ ಫೋನಿನ ಪ್ಲೇ ಸ್ಟೋರ್ ಖಾತೆಗೆ ಕಾರ್ಡಾಗಲಿ ಯುಪಿಐ ಆಗಲಿ ಜೋಡಿಸಲೇಬೇಡಿ. ಕೈತಪ್ಪಿ ಏನಾದರೂ ಕೊಂಡಿದ್ದರೆ 48 ಗಂಟೆಯೊಳಗೆ ಪ್ಲೇ ಸ್ಟೋರ್‌ನಲ್ಲೇ ಹಣ ವಾಪಸು ಕೇಳಬಹುದು. ಕೊಂಡ ಆಟ ನಿಮ್ಮ ಫೋನಿನಲ್ಲಿ ಸರಿಯಾಗಿ ನಡೆಯದಿದ್ದರೂ ಈ ದಾರಿ ಇದೆ. ಚದುರಂಗದ ಆಟ ನಿಮ್ಮ ಕಾಂಟ್ಯಾಕ್ಟ್ ಪಟ್ಟಿ, ಮೈಕ್, ಎಸ್‌ಎಂಎಸ್ ನೋಡಲು ಅನುಮತಿ ಕೇಳಿದರೆ ಕೊಡಬೇಡಿ, ಅದಕ್ಕೇಕೆ ಬೇಕು? ಫೋನಿನ ಡಿಜಿಟಲ್ ವೆಲ್‌ಬೀಯಿಂಗ್‌ನಲ್ಲಿ ಒಂದೊಂದು ಆ್ಯಪಿಗೂ ಹೊತ್ತು ಗೊತ್ತುಮಾಡಬಹುದು, ಮಕ್ಕಳದೇ ಫೋನು ಇದ್ದರೆ ಗೂಗಲ್‌ನ ಫ್ಯಾಮಿಲಿ ಲಿಂಕ್ ಇದೆ. ಆಟಗಳ ನೋಟಿಫಿಕೇಶನ್ ಆಫ್ ಮಾಡಿಬಿಡಿ, ಆಟ ನಿಮ್ಮನ್ನು ಕರೆಯುವುದು ಬೇಡ, ನೀವು ಬೇಕೆಂದಾಗ ಅದರ ಬಳಿ ಹೋಗಿ. ಚಾರ್ಜಿಗೆ ಹಾಕಿಕೊಂಡು ದೊಡ್ಡ ಆಟ ಆಡಿದರೆ ಫೋನು ಕಾದು ಬ್ಯಾಟರಿಯ ಆಯುಸ್ಸು ಕಡಿಮೆಯಾಗುತ್ತದೆ.

ಆಟ ಯಾವಾಗ ರೋಗವಾಗುತ್ತದೆ ಎಂಬುದಕ್ಕೂ ಒಂದು ಅಳತೆ ಇದೆ. ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಗೆ ಬಂದ ತನ್ನ ರೋಗಗಳ ಪಟ್ಟಿಯಲ್ಲಿ ಗೇಮಿಂಗ್ ಡಿಸಾರ್ಡರ್ ಸೇರಿಸಿದೆ. ಹಿಡಿತ ತಪ್ಪುವುದು, ಊಟ, ಓದು, ನಿದ್ದೆಗಿಂತ ಆಟವೇ ಮೇಲಾಗುವುದು, ಕೆಡುಕು ಕಣ್ಣಿಗೆ ಕಂಡರೂ ಬಿಡಲಾಗದಿರುವುದು, ಇದು ಸಾಮಾನ್ಯವಾಗಿ ವರ್ಷವಿಡೀ ನಡೆದರೆ ಮಾತ್ರ ಅದು ಕಾಯಿಲೆ. ಭಾನುವಾರ ಎರಡು ಗಂಟೆ ಹೆಚ್ಚು ಆಡಿದ ಹುಡುಗನಿಗೆ ರೋಗಿ ಎಂಬ ಪಟ್ಟ ಕಟ್ಟಬೇಡಿ. ನಿಜವಾಗಿ ಹಿಡಿತ ತಪ್ಪಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಲ್ಲಿ ಶುರುವಾದ ಷಟ್ ಕ್ಲಿನಿಕ್ ಇದೆ. ಅಷ್ಟು ದೂರ ಹೋಗುವ ಮೊದಲು 14416ಕ್ಕೆ, ಸರ್ಕಾರದ ಟೆಲಿಮಾನಸ್‌ಗೆ, ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಪುಕ್ಕಟೆ ಸೇವೆ.

ಕೊನೆಯದಾಗಿ ಒಂದು ಕೋರಿಕೆ. ವಿಡಿಯೊ ಗೇಮ್ ಕಟ್ಟುವ ಕೆಲಸ ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ಧ್ರುವ ಇಂಟರಾಕ್ಟಿವ್ 1997ರಲ್ಲೇ ಶುರುವಾಗಿತ್ತು. 2019ರಲ್ಲಿ ಅದನ್ನು ಕೊಂಡ ರಾಕ್‌ಸ್ಟಾರ್ ಕಂಪನಿಯ ದೊಡ್ಡ ಕಚೇರಿ ಈಗಲೂ ಬೆಂಗಳೂರಿನಲ್ಲಿದೆ. ಈ ಉದ್ಯಮಕ್ಕೆಂದು ರಾಜ್ಯ ಸರ್ಕಾರ 2012ರಲ್ಲೇ ನೀತಿ ತಂದಿತು, 2024ರಲ್ಲಿ ಅದನ್ನು ಹೊಸದು ಮಾಡಿತು. ಇಷ್ಟಿದ್ದೂ ಮೇಲೆ ಹೇಳಿದ ಆಟಗಳಲ್ಲಿ ಕನ್ನಡದ ಕಥೆ ಹೇಳುವಂಥದು ಒಂದೂ ಇಲ್ಲ. ತಮಿಳು ಮನೆಯೊಂದರ ಇಡ್ಲಿ ಲಂಡನ್ನಿನಲ್ಲಿ ಪ್ರಶಸ್ತಿ ತಂದಿರುವಾಗ ಅಳಗುಳಿಮಣೆಯ, ಆಡುಹುಲಿಯ, ಚೌಕಾಬಾರದ ಚೆಂದದ ಕನ್ನಡ ಗೇಮುಗಳು ಯಾಕೆ ಬರಬಾರದು? ಅವುಗಳ ನಿಯಮ ಊರೂರಿಗೆ ಬೇರೆ. ಕಟ್ಟೆಯ ಮೇಲಿನ ಕಾಯಿ ಹೊಡೆಯಬಹುದೇ, ಬಾರ ಬಿದ್ದರೆ ಎಷ್ಟು ಸಲ ಮತ್ತೆ ಹಾಕಬೇಕು, ಹೊಡೆಯದೆ ಒಳಮನೆಗೆ ಹೋಗಬಹುದೇ ಎಂಬುದಕ್ಕೆಲ್ಲ ಒಂದೊಂದು ಮನೆಯಲ್ಲಿ ಒಂದೊಂದು ಉತ್ತರ. ನಿಮ್ಮ ಮನೆಯ ಅಜ್ಜಿಯರನ್ನು ಕೂರಿಸಿಕೊಂಡು ಆಡಿ, ನಿಮ್ಮ ಊರಿನ ನಿಯಮವನ್ನು ಬರೆದಿಡಿ ಅಥವಾ ಫೋನಿನಲ್ಲಿ ರೆಕಾರ್ಡ್ ಮಾಡಿಡಿ. ಕೋಡು ಬರೆಯಬಲ್ಲ ಮಕ್ಕಳು ಮನೆಯಲ್ಲಿದ್ದರೆ ಅದನ್ನು ಅವರ ಕೈಗೆ ಕೊಡಿ.